ಬಾನೆಟ್ಟಿನೊಳಗಿನ ಚೀಟಿ

ಶ್ರೀ

ಮೇಲೂರು, ಶಿಡ್ಲಘಟ್ಟ ತಾಲ್ಲೂಕು
ಕೋಲಾರ ಜಿಲ್ಲೆ
11 ಜೂನ್ 2007

ಚಿರಂಜೀವಿ ಪರ್ವೇಜನಿಗೆ,

ಮಧುಸೂದನನ ತಾಯಿ ವರಲಕ್ಷ್ಮಮ್ಮ ಬರೆಯುತ್ತಿದ್ದೇನೆ. ಮೇಲೆ ಶ್ರೀ ಹಾಕಿದ ಮೇಲೆ ‘ಇಲ್ಲಿ ನಾವೆಲ್ಲ ಕ್ಷೇಮ’ ಅಂತ ಬರೆಯುವುದು ರೂಢಿ. ಬರೆಯಲಿಲ್ಲ. ಯಜಮಾನರು ಹೋಗಿ ನಾಲ್ಕು ತಿಂಗಳಾಗುತ್ತಾ ಬಂತು. ಸುಳ್ಳಿನಿಂದ ಕಾಗದ ಶುರು ಮಾಡುವುದು ಬೇಡ ಅನ್ನಿಸಿತು.

ನಿನ್ನ ವಿಳಾಸ ನಿಮ್ಮಮ್ಮ ಬಿಸ್ಮಿಲ್ಲಾ ಬೀ ಕೊಟ್ಟರು. ಗುರುವಾರ ಕೈವಾರಕ್ಕೆ ಹೋಗಿದ್ದವಳು ಹಾಗೇ ಚಿಂತಾಮಣಿಗೆ ಬಂದೆ. ನಿನ್ನ ರಿಪೇರಿ ಶೆಡ್ಡಿನಲ್ಲಿ ಈಗ ಯಾರೋ ಸಿಮೆಂಟು ಮೂಟೆ ಇಟ್ಟಿದ್ದಾರೆ. ನಿಮ್ಮಮ್ಮ ನನ್ನನ್ನು ಒಳಗೆ ಕರೆದು ನೀರು ಕೊಟ್ಟರು. ನೀನು ಗೌರಿಬಿದನೂರಿನಲ್ಲಿ ಎರ್ರಪ್ಪ ಅನ್ನುವವರ ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿದ್ದೀಯ ಅಂತ ಮಾತ್ರ ಹೇಳಿದರು. ಸ್ವಂತ ಶೆಡ್ಡು ಇದ್ದವನು ಇನ್ನೊಬ್ಬರ ಕೈ ಕೆಳಗೆ.

ಫೆಬ್ರವರಿ ಇಪ್ಪತ್ತೊಂದರಂದು ಏನಾಯಿತು ಅಂತ ನೀನು ಜನರ ಬಾಯಲ್ಲಿ ಕೇಳಿರುತ್ತೀಯ. ನಾನು ನೋಡಿದ್ದು ಹೇಳುತ್ತೇನೆ. ಬೆಳಿಗ್ಗೆ ಎಂಟೂವರೆ. ಯಜಮಾನರಿಗೆ ಎದೆ ಹಿಡಿದುಕೊಂಡಿತು. ಮಧು ತನ್ನ ಟ್ಯಾಕ್ಸಿಯಲ್ಲೇ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೊರಟ. ಹಿಂದಿನ ಸೀಟಿನಲ್ಲಿ ಅವರ ತಲೆ ನನ್ನ ತೊಡೆ ಮೇಲೆ. ಅರ್ಧ ದಾರಿಯಲ್ಲಿ, ಕೆರೆ ಕಟ್ಟೆ ಹತ್ತಿರ, ಕಾರು ನಿಂತುಹೋಯಿತು. ಒಂದು ‘ಟಪ್’. ಆಮೇಲೆ ಏನೂ ಇಲ್ಲ. ಮಧು ಬೀಗದ ಕೈ ತಿರುಗಿಸಿ ತಿರುಗಿಸಿ ನೋಡಿದ. ಬಾನೆಟ್ಟು ಎತ್ತಿದ. ಬೇರೆ ಗಾಡಿ ಸಿಗುವ ಹೊತ್ತಿಗೆ ನಲವತ್ತು ನಿಮಿಷ. ಡಾಕ್ಟರು, “ಅರ್ಧ ಗಂಟೆ ಮುಂಚೆ ತಂದಿದ್ರೆ ನೋಡಬಹುದಾಗಿತ್ತಮ್ಮ” ಅಂದರು.

ಟೈಮಿಂಗ್ ಬೆಲ್ಟು ಹರಿದಿತ್ತು ಅಂತ ಆಮೇಲೆ ಗೊತ್ತಾಯಿತು.

ನಾನು ಏಳನೇ ಕ್ಲಾಸು ಓದಿದವಳು. ಕೇಳುವುದು ಒಂದೇ. ಅಷ್ಟು ದೊಡ್ಡ ಕಬ್ಬಿಣದ ಇಂಜಿನ್ನಿನೊಳಗೆ ರಬ್ಬರು ಪಟ್ಟಿ ಯಾಕಿಟ್ಟರು? ರೇಷ್ಮೆ ಎಳೆ ಕೂಡ ಹರಿಯುವ ಮುಂಚೆ ತೆಳ್ಳಗಾಗಿ ಬೆರಳಿಗೆ ಹೇಳುತ್ತೆ. ಇದು ಯಾಕೆ ಹೇಳಲಿಲ್ಲ?

ಫೋನು ಮಾಡಬೇಡ. ಮನೆಯಲ್ಲಿರುವುದು ಮಧುವಿನ ಮೊಬೈಲು ಒಂದೇ. ಪೋಸ್ಟಿನವನು ಬರುವುದು ಹನ್ನೊಂದಕ್ಕೆ, ಆಗ ಮಧು ಟ್ಯಾಕ್ಸಿ ಸ್ಟ್ಯಾಂಡಿನಲ್ಲಿರುತ್ತಾನೆ.

ಆಶೀರ್ವಾದಗಳು,
ವರಲಕ್ಷ್ಮಮ್ಮ

786

ಗೌರಿಬಿದನೂರು
2 ಜುಲೈ 2007

ಅಮ್ಮನಿಗೆ ಪರ್ವೇಜ್ ಮಾಡುವ ಸಲಾಮು.

ಮೊದಲು ಹರಿದು ಬಿಸಾಕೋಣ ಅಂದ್ಕೊಂಡೆ. ಮಧು ಅಮ್ಮ ಕೇಳಿದ್ರೆ ಹೇಳದೆ ಇರೋಕಾಗಲ್ಲ. ಹಬ್ಬದಲ್ಲಿ ನಿಮ್ಮನೇಲಿ ನಾಲ್ಕು ಒಬ್ಬಟ್ಟು ತಿಂದು, ಐದನೇದು ನೀವು ಬಲವಂತ ಮಾಡಲಿ ಅಂತ ತಟ್ಟೆ ತೊಳೆಯದೆ ಕೂತಿರ್ತಿದ್ದೆ.

ಇಂಜಿನ್‌ನಲ್ಲಿ ಕೆಳಗೆ ಪಿಸ್ಟನ್ ಮೇಲೆ ಕೆಳಗೆ ಆಡ್ತಿರುತ್ತೆ. ಮೇಲುಗಡೆ ವಾಲ್ವ್ ಅಂತ ಸಣ್ಣ ಬಾಗಿಲುಗಳಿವೆ. ಬಾಗಿಲು ಯಾವಾಗ ತೆಗೀಬೇಕು, ಯಾವಾಗ ಮುಚ್ಚಬೇಕು ಅನ್ನೋ ಲೆಕ್ಕಾನ ಕೆಳಗಿನಿಂದ ಮೇಲಕ್ಕೆ ಮುಟ್ಟಿಸೋದು ಈ ಬೆಲ್ಟು. ಹಲ್ಲು ಹಲ್ಲಿಗೆ ಕೂತಿರುತ್ತೆ. ಒಂದು ಹಲ್ಲು ತಪ್ಪಿದರೂ ಇಂಜಿನ್ ತಪ್ಪುತ್ತೆ.

ಈ ಕೆಲಸಕ್ಕೆ ಕಬ್ಬಿಣದ ಚೈನೂ ಹಾಕ್ತಾರೆ. ಚೈನು ಭಾರ, ಸದ್ದು ಜಾಸ್ತಿ, ಸದಾ ಎಣ್ಣೇಲಿ ನೆಂದಿರಬೇಕು. ಆದರೆ ಬಹಳ ವರ್ಷ ಬಾಳುತ್ತೆ. ಸವೆದಾಗ ಗರಗರ ಅಂತ ಕೂಗುತ್ತೆ, ಎಷ್ಟೋ ದಿನ ಮುಂಚೇನೆ ಗೊತ್ತಾಗುತ್ತೆ. ಬೆಲ್ಟು ಹಗುರ, ಅಗ್ಗ, ಓಡೋದೇ ಗೊತ್ತಾಗಲ್ಲ. ಎಣ್ಣೆ ಬೇಡ, ಎಣ್ಣೆ ಬಿದ್ದರೇನೇ ಕೆಡುತ್ತೆ. ಆದರೆ ಅದಕ್ಕೆ ಬಾಯಿಲ್ಲ. ಇವತ್ತು ಚೆನ್ನಾಗಿರುತ್ತೆ, ನಾಳೆ ಇರಲ್ಲ. ಪ್ಲಾಸ್ಟಿಕ್ ಕವರ್ ಒಳಗಿರುತ್ತೆ, ಬಿಚ್ಚದೆ ಕಣ್ಣಿಗೂ ಕಾಣಲ್ಲ. ಅದಕ್ಕೇ ಇಷ್ಟು ಕಿಲೋಮೀಟರಿಗೆ ಬದಲಾಯಿಸಿ ಅಂತ ಕಂಪನಿಯವರು ಬರೆದಿಡ್ತಾರೆ.

ಕೆಲವು ಪೆಟ್ರೋಲ್ ಇಂಜಿನ್‌ಗಳಲ್ಲಿ ಪಿಸ್ಟನ್ನಿಗೂ ವಾಲ್ವಿಗೂ ಮಧ್ಯೆ ಜಾಗ ಬಿಟ್ಟಿರ್ತಾರೆ. ಬೆಲ್ಟು ಹರಿದರೂ ಒಂದಕ್ಕೊಂದು ತಾಗಲ್ಲ, ಹೊಸದು ಹಾಕಿದರೆ ಮತ್ತೆ ಓಡುತ್ತೆ. ಹಾಗೆ ಜಾಗ ಬಿಟ್ಟರೆ ಶಕ್ತಿ, ಮೈಲೇಜು ಸ್ವಲ್ಪ ಬಿಡಬೇಕು. ಮಧುದು ಡೀಸೆಲ್. ಅದರಲ್ಲಿ ಜಾಗ ಬಿಡೋಕೇ ಆಗಲ್ಲ, ಗಾಳೀನ ಅಷ್ಟು ಒತ್ತಿದರೇನೇ ಡೀಸೆಲ್ ಉರಿಯೋದು. ಬೆಲ್ಟು ಹೋದರೆ ವಾಲ್ವ್ ಬಗ್ಗಿಹೋಯ್ತು. ರಸ್ತೇಲಿ ನಿಂತು ಯಾರೇನು ಮಾಡಿದರೂ ಅದು ಸ್ಟಾರ್ಟ್ ಆಗ್ತಿರಲಿಲ್ಲ. ಮಧು ಕೈಲಿ ಏನೂ ಇರಲಿಲ್ಲ ಅಂತ ಅವನಿಗೆ ಹೇಳಿ.

ಮಾಡೋರಿಗೆ ಗೊತ್ತಿಲ್ಲದೆ ಇಟ್ಟಿದ್ದಲ್ಲಮ್ಮ. ಒಂದು ಬೇಕು ಅಂದರೆ ಒಂದು ಬಿಡಬೇಕು.

ಕಂಪನಿ ಪುಸ್ತಕದಲ್ಲಿ ಎಂಬತ್ತು ಸಾವಿರ ಅಂತಿದೆ. ಅದು ಒಳ್ಳೇ ರಸ್ತೆಗೆ. ನಮ್ಮ ಕಡೆ ಧೂಳಿಗೆ, ಬಿಸಿಲಿಗೆ ನಾನು ಅರವತ್ತೇ ಹೇಳೋದು. 2005ರ ಆಗಸ್ಟ್‌ನಲ್ಲಿ ಮಧುಗೆ ಕಾಮಾಲೆ ಅಂತ ಕಾರು ತಗೊಂಡು ಹೋಗೋಕೆ ಅವನ ಅಪ್ಪಾಜಿ ಬಂದಿದ್ದರು. 72,000ಕ್ಕೆ ಬದಲಾಯಿಸಿದ್ದು, ಮುಂದಿನದು 1,32,000 ಅಂತ ಚೀಟಿ ಬರೆದು ಬಾನೆಟ್ಟಿನ ಒಳಗೆ ಅಂಟಿಸಿದೆ. ಅವರಿಗೆ ತೋರಿಸಿದೆ. ಹೂಂ ಅಂದರು. ಹರಿದಿದ್ದು 1,41,000ದಲ್ಲಿ. ಮಧು ಪುಸ್ತಕ ನೋಡಿ ಇನ್ನೂ ಹನ್ನೊಂದು ಸಾವಿರ ಇದೆ ಅಂದ್ಕೊಂಡಿದ್ದ.

ಅವನು ಕಾರನ್ನ ಕಟ್ಟಿ ಎಳೆಸಿಕೊಂಡು ಚಿಂತಾಮಣಿ ಸ್ಟ್ಯಾಂಡಿಗೆ ತಂದು, ನಾನು ಚೀಟಿ ಹಾಕಿದ್ದೆ ಅಂದಿದ್ದಕ್ಕೆ ಎಲ್ಲ ಡ್ರೈವರ್‌ಗಳ ಮುಂದೆ ಬಾನೆಟ್ಟು ಎತ್ತಿ, “ಎಲ್ಲೋ ನಿನ್ನ ಚೀಟಿ? ತೋರಿಸೋ” ಅಂದ. ಚೀಟಿ ಇರಲಿಲ್ಲ. ಆ ಜಾಗದಲ್ಲಿ ವಿಭೂತಿ ಕುಂಕುಮ ಇತ್ತು. ಮಾರನೇ ದಿನದಿಂದ ನನ್ನ ಶೆಡ್ಡಿಗೆ ಒಂದು ಗಾಡೀನೂ ಬರಲಿಲ್ಲ.

ನಾನು ಅಂಟಿಸಿದ್ದೆ ಅಮ್ಮ.

ಪರ್ವೇಜ್

ಶ್ರೀ

ಮೇಲೂರು
27 ಆಗಸ್ಟ್ 2007

ಚಿರಂಜೀವಿ ಪರ್ವೇಜನಿಗೆ,

ನಿನ್ನ ಕಾಗದ ದೇವರ ಮನೆಯಲ್ಲಿ, ಅಕ್ಕಿ ಡಬ್ಬಿ ಕೆಳಗೆ ಇಟ್ಟಿದ್ದೇನೆ. ದಿನಾ ದೀಪ ಹಚ್ಚಿದ ಮೇಲೆ ಓದುತ್ತೇನೆ. ನಮ್ಮದು ಬೇರೆ ಜಿಲ್ಲೆ ಆಯಿತು. ಇನ್ನು ಮೇಲೆ ವಿಳಾಸಕ್ಕೆ ಚಿಕ್ಕಬಳ್ಳಾಪುರ ಜಿಲ್ಲೆ ಅಂತ ಬರಿ. ಪಟಾಕಿ ಹೊಡೆದರು. ನಾನು ಕಾಳು ಆರಿಸುತ್ತಾ ಕೂತಿದ್ದೆ.

ಅಳು ಬರುವುದಿಲ್ಲ ಕಣಪ್ಪ. ನೆಂಟರು ಬಂದಾಗ ಸೆರಗು ಮುಖಕ್ಕೆ ಹಿಡಿದುಕೊಳ್ಳುತ್ತೇನೆ, ಅಳುತ್ತಿದ್ದಾಳೆ ಅಂದುಕೊಳ್ಳಲಿ ಅಂತ. ಅವರು ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ತೂಕ ಹಿಡಿದವರು. ಮನೆಯಲ್ಲಿ ಮಾತೂ ತೂಕ ಮಾಡಿಯೇ ಆಡುತ್ತಿದ್ದರು. ಹಾಗಾಗಿ ಮನೆಯಲ್ಲಿ ಈಗಲೂ ಮೊದಲಿನಷ್ಟೇ ಸದ್ದು. ಎರಡು ಲೋಟ ಕಾಫಿಗೆ ನೀರಿಡುತ್ತೇನೆ, ಒಂದನ್ನು ಚೆಲ್ಲುತ್ತೇನೆ.

ನೀನು ಚೀಟಿ ಅಂಟಿಸಿದ್ದು ನಿಜ. ನಾನು ನೋಡಿದ್ದೇನೆ. ಇದನ್ನು ಹೇಳುವುದಕ್ಕೇ ಮೊದಲ ಕಾಗದ ಬರೆಯಲು ಕೂತಿದ್ದು. ಬೇರೆಯದೇ ಬರೆದುಬಿಟ್ಟೆ.

ಆ ವರ್ಷ ಆಯುಧಪೂಜೆಗೆ ನಾನೇ ಕಾರು ತೊಳೆದೆ. ಮಧು ಹಾಸಿಗೆ ಬಿಟ್ಟು ಇನ್ನೂ ಎದ್ದಿರಲಿಲ್ಲ. ಎರಡು ತಿಂಗಳಿಂದ ಟಾರ್ಪಾಲಿನ ಕೆಳಗೇ ನಿಂತಿತ್ತು. ಸೋಪಿನ ಪುಡಿ ಹಾಕಿ, ಬಾನೆಟ್ಟು ಎತ್ತಿಸಿ, ಒಳಗೂ ಉಜ್ಜಿದೆ. ಆಗ ಚೀಟಿ ನೆಂದು ಹೋಗಿರಬೇಕು.

ಮಧುವಿಗೆ ಗೊತ್ತಿಲ್ಲ.

ವರಲಕ್ಷ್ಮಮ್ಮ

786

ಗೌರಿಬಿದನೂರು
19 ಸೆಪ್ಟೆಂಬರ್ 2007

ಅಮ್ಮ,

ಬಾನೆಟ್ಟಿನ ಒಳಗೆ ಬಿಸಿ, ಎಣ್ಣೆ, ನೀರು ಎಲ್ಲಾ ಇರುತ್ತೆ. ಬರೀ ಕಾಗದ ಅಂಟಿಸಿದರೆ ವಾರ ನಿಲ್ಲಲ್ಲ ಅಂತ ಎಲ್ಲ ಮೆಕ್ಯಾನಿಕ್‌ಗೂ ಗೊತ್ತು. ಚೀಟಿ ಮೇಲೆ ದಪ್ಪ ಟೇಪು ಎರಡು ಸುತ್ತು ಹಾಕಿ ಒತ್ತಿದ್ದೆ. ಅದು ಸೋಪಿಗೆ ಹೋಗೋದಲ್ಲ. ಉಗುರು ಹಾಕಿ ಕೆರೆದರೆ ಮಾತ್ರ ಬರುತ್ತೆ.

ನಾನು ಏನೂ ಕೇಳ್ತಿಲ್ಲ.

ಎರ್ರಪ್ಪ ನನಗೆ ಬೆಲ್ಟಿನ ಕೆಲಸ ಕೊಡಲ್ಲ. ಆಯಿಲ್ ಬದಲಾಯಿಸೋದು, ಚಕ್ರ ಬಿಚ್ಚೋದು ಅಷ್ಟೆ. ಚಿಂತಾಮಣಿ ಕಡೆ ಗಾಡಿ ಬಂದರೆ ಹಿಂದುಗಡೆ ಕಳಿಸ್ತಾರೆ. “ಬೇಜಾರು ಮಾಡ್ಕೋಬೇಡ ಕಣಯ್ಯ, ಗಿರಾಕಿ ನಿನ್ನ ಮುಖ ನೋಡಿದ್ರೆ ಕಿಲೋಮೀಟರ್ ನೋಡ್ಕೋತಾನೆ” ಅಂತ ನಗ್ತಾರೆ. ಒಳ್ಳೆಯವರೇ.

ಮಧು ನಾನು ಒಂದೇ ಬೆಂಚಲ್ಲಿ ಓದಿದವರು. ನಾನು ಚೀಟಿ ಹಾಕಿದ್ದೆ ಅನ್ನೋದು ಅವನಿಗೆ ಗೊತ್ತಾಗಬೇಕು. ನನಗೆ ಬೇಕಾದ್ದು ಅದೊಂದೇ. ಬಾಯಲ್ಲೂ ಒಂದು ಮಾತು ಅವನಿಗೆ ಹೇಳಬೇಕಿತ್ತು, ಹೇಳಲಿಲ್ಲ. ಚೀಟಿ ಇದೆಯಲ್ಲ ಅಂತ ನಂಬಿಕೊಂಡೆ. ಅಷ್ಟು ನನ್ನ ತಪ್ಪು.

ಪರ್ವೇಜ್

ಶ್ರೀ

ಮೇಲೂರು, ಶಿಡ್ಲಘಟ್ಟ ತಾಲ್ಲೂಕು
ಚಿಕ್ಕಬಳ್ಳಾಪುರ ಜಿಲ್ಲೆ
20 ಅಕ್ಟೋಬರ್ 2007

ಪರ್ವೇಜನಿಗೆ,

ಇವತ್ತು ಆಯುಧಪೂಜೆ. ವರ್ಷದ ಕಾರ್ಯ ಆಗುವವರೆಗೂ ನಮ್ಮಲ್ಲಿ ಹಬ್ಬವಿಲ್ಲ. ಬೀದಿಯಲ್ಲಿ ಟ್ರ್ಯಾಕ್ಟರು, ಸ್ಕೂಟರು ಎಲ್ಲಕ್ಕೂ ಹೂವು. ಮಧು ಕಾರಿನ ಮುಂದೆ ಹಾಗೇ ನಿಂತಿದ್ದು ಒಳಗೆ ಬಂದ. ಎಂದಿನಂತೆ, “ಅಮ್ಮ, ಅನ್ನ ಹಾಕು” ಅಂದ. ಹಾಕಿದೆ.

ನೀನು ಕೇಳಲಿಲ್ಲ. ನಾನೇ ಹೇಳುತ್ತೇನೆ. ಚೀಟಿ ನೆಂದು ಹೋಗಲಿಲ್ಲ. ನಾನು ಕಿತ್ತೆ.

ಬಾನೆಟ್ಟಿನ ಒಳಗೆ, ಎದುರಿಗೇ, ಪೂಜೆಗೆ ಸರಿಯಾಗಿ ಸಿಗುವ ಜಾಗದಲ್ಲಿ ಅದು ಇತ್ತು. ನಿನ್ನ ಅಕ್ಷರ. ಎಲ್ಲಕ್ಕಿಂತ ಮೇಲೆ 786 ಅಂತ ಬರೆದಿದ್ದೆ. ನಿಮ್ಮವರು ದೇವರ ಹೆಸರಿಗೆ ಬರೆಯುವುದು ಅಂತ ನನಗೆ ಗೊತ್ತು. ನಿಮ್ಮ ಮನೆ ಬಾಗಿಲಲ್ಲಿ ನೋಡಿದ್ದೇನೆ. ನಾನು ಕಾಗದದ ಮೇಲೆ ಶ್ರೀ ಹಾಕಿದ ಹಾಗೆ. ಅವತ್ತು ಮಾತ್ರ, ನಮ್ಮ ಪೂಜೆಯ ಜಾಗದಲ್ಲಿ ಇದೇಕೆ ಅನ್ನಿಸಿತು. ಅಷ್ಟೆ. ಕೋಪವಿರಲಿಲ್ಲ. ನಿನ್ನ ಮೇಲೆ ಏನೂ ಇರಲಿಲ್ಲ. ಚಿಕ್ಕಂದಿನಿಂದ ನಮ್ಮ ಮನೆಯಲ್ಲಿ ಉಂಡವನು. ಆದರೂ ಬೆರಳು ಅಲ್ಲಿಗೇ ಹೋಯಿತು.

ಯಜಮಾನರು ತೆಂಗಿನಕಾಯಿ ಸುಲಿಯುತ್ತಾ ಇದ್ದರು. ನೋಡಿದರು.

“ಅದನ್ನ ಕೀಳಬೇಡ್ವೇ. ಪರ್ವೇಜ ಹಾಕಿರೋದು.”

“ಪೂಜೆ ಆದ್ಮೇಲೆ ಹೊಸದು ಬರೆಸ್ಕೊಂಡ್ರಾಯ್ತು ಬಿಡಿ. ಅಷ್ಟರೊಳಗೇನೂ ಆಗಲ್ಲ.”

“ಹೂಂ,” ಅಂದರು.

ಟೇಪು ಗಟ್ಟಿಯಾಗಿತ್ತು. ಉಗುರಿಗೆ ಬರಲಿಲ್ಲ. ತುರಿಯೋ ಮಣೆಯ ತುದಿಯಲ್ಲಿ ಕೆರೆದೆ. ಆ ಜಾಗಕ್ಕೆ ವಿಭೂತಿ ಎಳೆದು ಕುಂಕುಮ ಇಟ್ಟೆ. ಸಂಜೆ ಹೊತ್ತಿಗೆ ಮರೆತೆ. ಅವರೂ ಮರೆತರೋ, ಬೇಡ ಅಂತ ಬಿಟ್ಟರೋ, ಕೇಳಲು ಈಗ ಅವರಿಲ್ಲ.

ಕೆರೆ ಕಟ್ಟೆ ಮೇಲೆ ಮಧು ಬಾನೆಟ್ಟು ಎತ್ತಿದನಲ್ಲ, ಆಗ ನನ್ನ ತೊಡೆ ಮೇಲಿನಿಂದ ಅವರು ಅದನ್ನು ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

ಸ್ಟ್ಯಾಂಡಿನಲ್ಲಿ ಮಧು ನಿನ್ನನ್ನು ನಿಲ್ಲಿಸಿ ಕೇಳಿದ ದಿನ, ಮನೆಗೆ ಬಂದು, “ಅವನು ಚೀಟಿ ಹಾಕಿದ್ದೆ ಅಂತಾನಮ್ಮ, ಸುಳ್ಳು ನನ್ಮಗ” ಅಂದ. ನಾನು ಅಲ್ಲೇ ಒಲೆ ಮುಂದೆ ಇದ್ದೆ. ಒಲೆ ಊದಿದೆ.

ನಾನು ದಿನಾ ದೇವರ ಮುಂದೆ ಕೂರುತ್ತೇನೆ. ಏನೂ ಕೇಳಿಕೊಳ್ಳುವುದಿಲ್ಲ. ಬತ್ತಿ ಸರಿಮಾಡಿ ಎದ್ದು ಬರುತ್ತೇನೆ.

ವರಲಕ್ಷ್ಮಮ್ಮ

ಶ್ರೀ

ಮೇಲೂರು
9 ಜನವರಿ 2008

ಪರ್ವೇಜನಿಗೆ,

ಉತ್ತರ ಬರಲಿಲ್ಲ. ಬರಲೇಬೇಕು ಅಂತಲೂ ಇಲ್ಲ.

ಮಧುವಿಗೆ ಹೇಳಲು ಮೂರು ಸಲ ಹೊರಟೆ. ಒಂದು ಸಲ ಅವನು ಶೂ ಹಾಕುತ್ತಿದ್ದ. ಒಂದು ಸಲ ಸೊಸೆ ತನುಜ ಪಕ್ಕದಲ್ಲಿದ್ದಳು. ಮೂರನೇ ಸಲ ಯಾರೂ ಇರಲಿಲ್ಲ, ಅವನು ಸುಮ್ಮನೆ ಕೂತಿದ್ದ. ನಾನು, “ಸಾರಿಗೆ ಉಪ್ಪು ಸರಿಯಿತ್ತಾ?” ಅಂತ ಕೇಳಿ ಬಂದೆ.

ಇರುವವನು ಅವನೊಬ್ಬ. ಹೇಳಿದರೆ ಅವನೂ ಇರುವುದಿಲ್ಲ. ಹೇಳದಿದ್ದರೆ ನೀನು ಹಿಂದುಗಡೆ ಚಕ್ರ ಬಿಚ್ಚುತ್ತಲೇ ಇರುತ್ತೀಯ. ನೀನು ಬರೆದಿದ್ದೆಯಲ್ಲ, ಒಂದು ಬೇಕು ಅಂದರೆ ಒಂದು ಬಿಡಬೇಕು ಅಂತ. ಇಂಜಿನ್ ಮಾಡುವವರು ಕೂತು ಯೋಚನೆ ಮಾಡಿ ಬಿಡುತ್ತಾರೆ. ನಾನು ಯೋಚನೆ ಮಾಡುತ್ತಲೇ ಇದ್ದೇನೆ.

ವರಲಕ್ಷ್ಮಮ್ಮ

ಶ್ರೀ

ಮೇಲೂರು
14 ಮಾರ್ಚ್ 2008

ಪರ್ವೇಜನಿಗೆ,

ಸೋಮವಾರ ಯಜಮಾನರ ವರ್ಷದ ಕಾರ್ಯ ಆಯಿತು. ಪುರೋಹಿತರು ಹೋದ ಮೇಲೆ, ನೆಂಟರಿಗೆ ಎಲೆ ಹಾಕುವ ಮುಂಚೆ ಹೇಳಿದೆ. ಎಲೆಯ ಮೇಲೆ ಎಡೆ ಇಟ್ಟು ಅವರನ್ನು ಕರೆದಿದ್ದೆವು. ಅವರ ಮುಂದೆ ಸುಳ್ಳು ಇಟ್ಟುಕೊಂಡು ಊಟ ಬಡಿಸಲು ಕೈ ಬರಲಿಲ್ಲ.

“ಮಧು, ಪರ್ವೇಜ ಚೀಟಿ ಹಾಕಿದ್ದ. ನಾನು ಕಿತ್ತೆ. ನಿಮ್ಮಪ್ಪ ಬೇಡ ಅಂದ್ರು. ನಾನು ಕೇಳಲಿಲ್ಲ.”

“ಯಾವ ಚೀಟಿ?” ಅಂದ ಮೊದಲು. ಗೊತ್ತಿದ್ದೇ ಕೇಳಿದ.

“ಅರವತ್ತು ಸಾವಿರದ್ದು.”

“ಯಾಕೆ ಕಿತ್ತೆ?”

ಅದನ್ನೂ ಹೇಳಿದೆ. ಮೇಲೆ ಏನು ಬರೆದಿತ್ತು ಅಂತ.

ತನುಜ ಹಂಡೆ ಹಿಡಿದು ನಿಂತುಬಿಟ್ಟಳು. ಮಧು ಪಂಚೆ ಬಿಚ್ಚಿ ಪ್ಯಾಂಟು ಹಾಕಿಕೊಂಡ. ಎಲೆಗೆ ಕೂರಲಿಲ್ಲ. ಬಾಗಿಲವರೆಗೆ ಹೋದವನು ತಿರುಗಿ, “ಸ್ಟ್ಯಾಂಡಲ್ಲಿ ಅಷ್ಟು ಜನರ ಮುಂದೆ ಅವನ ಕಾಲರ್ ಹಿಡಿದೆ ನಾನು” ಅಂದ. ಅಷ್ಟೇ ಅಂದಿದ್ದು. ಅಪ್ಪನ ವಿಷಯ ಎತ್ತಲಿಲ್ಲ.

ಕಾಲರ್ ಹಿಡಿದಿದ್ದು ನೀನು ನನಗೆ ಬರೆದಿರಲಿಲ್ಲ.

ನಾಲ್ಕು ದಿನವಾಯಿತು. ಮನೆಗೆ ಬರುತ್ತಾನೆ, ಉಣ್ಣುತ್ತಾನೆ. ತಟ್ಟೆ ತನುಜ ಹಾಕಬೇಕು. ಅಮ್ಮ ಅನ್ನುವುದಿಲ್ಲ.

ವರಲಕ್ಷ್ಮಮ್ಮ

ಗೌರಿಬಿದನೂರು
17 ಏಪ್ರಿಲ್ 2008

ಅಮ್ಮ,

ಅಕ್ಟೋಬರಿನ ಕಾಗದಕ್ಕೆ ಉತ್ತರ ಬರೆಯೋಕೆ ಆಗಲಿಲ್ಲ. ಏನು ಬರೀಬೇಕೋ ಗೊತ್ತಾಗಲಿಲ್ಲ. ಈಗಲೂ ಗೊತ್ತಿಲ್ಲ. ಆದದ್ದು ಮಾತ್ರ ಬರೀತೀನಿ.

ಮಂಗಳವಾರ ಮಧು ಬಂದಿದ್ದ. ಮಂಚೇನಹಳ್ಳಿವರೆಗೆ ಬಾಡಿಗೆ ಇತ್ತಂತೆ, ಇಳಿಸಿ ಹಾಗೇ ಬಂದೆ ಅಂದ. ಗೇಟಿನ ಹತ್ತಿರ ಕಾರು ನಿಲ್ಲಿಸಿ ಒಳಗೇ ಕೂತಿದ್ದ. ಎರ್ರಪ್ಪ ಹೋಗಿ, “ಏಮಪ್ಪಾ, ಗಿರಾಕಿನೋ, ಹೆಣ್ಣು ನೋಡೋಕೆ ಬಂದೋನೋ? ಒಳಗೂ ಬರಲ್ಲ, ಆಚೆಗೂ ಹೋಗಲ್ಲ” ಅಂದರು.

ಇಳಿದು ಬಂದ. “ಬೆಲ್ಟ್ ಬದಲಾಯಿಸು” ಅಂದ.

“ಹೋದ ವರ್ಷ ತಾನೇ ಹೊಸದು ಹಾಕಿಸಿದ್ಯಲ್ಲೋ. ಇನ್ನೂ ಮೂವತ್ತು ಸಾವಿರಾನೂ ಆಗಿಲ್ಲ.”

“ಬದಲಾಯಿಸು.”

“ಸುಮ್ನೆ ವೇಸ್ಟು ಕಣೋ.”

“ನೀನೇ ಹಾಕು ಅಂತಿದೀನಲ್ಲ.”

ಎರ್ರಪ್ಪನ ಮುಖ ನೋಡಿದೆ. ಅವರು ಸ್ಪ್ಯಾನರ್ ಡಬ್ಬಿ ಕಾಲಲ್ಲಿ ನನ್ನ ಕಡೆ ತಳ್ಳಿದರು. ಒಂದು ವರ್ಷದ ಮೇಲೆ ಆ ಕವರ್ ಬಿಚ್ಚಿದೆ. ಮೂರು ಗಂಟೆ ಕೆಲಸ. ಅವನು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ. ಕೇಳಿದಾಗ ಹತ್ತು ನಂಬರ್, ಹನ್ನೆರಡು ನಂಬರ್ ಸ್ಪ್ಯಾನರ್ ಕೊಟ್ಟ.

ಎಲ್ಲಾ ಆದಮೇಲೆ, “ಚೀಟಿ ಹಾಕು” ಅಂದ. ಹಾಕಿದೆ.

ಚಿಂತಾಮಣಿಯಿಂದ ನಿನ್ನೆ ಫೋನ್ ಬಂತು. ಸ್ಟ್ಯಾಂಡಿನಲ್ಲಿ ಎಲ್ಲರ ಮುಂದೆ ಅವನೇ ಹೇಳಿದನಂತೆ: “ಪರ್ವೇಜ್ ಚೀಟಿ ಹಾಕಿದ್ದ. ನಮ್ಮನೇಲೇ ಕಿತ್ತಿದ್ದು.” ಯಾರು ಅಂತ ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲವಂತೆ.

ನಾನು ಶೆಡ್ಡಿಗೆ ವಾಪಸ್ ಹೋಗಲ್ಲ. ಇಲ್ಲೇ ಇರ್ತೀನಿ. ಬೆಲ್ಟಿನ ಕೆಲಸ ಈಗ ನಂದೇ.

ಪರ್ವೇಜ್

ಶ್ರೀ

ಮೇಲೂರು
28 ಜೂನ್ 2008

ಚಿರಂಜೀವಿ ಪರ್ವೇಜನಿಗೆ,

ಮಧು ಇನ್ನೂ ಅಮ್ಮ ಅಂದಿಲ್ಲ. ಅನ್ನುತ್ತಾನೆ ಅಂತಲೂ ನಾನು ಕಾಯುತ್ತಿಲ್ಲ.

ಮೇ ತಿಂಗಳ ಕೊನೆಯಲ್ಲಿ ಒಂದು ಸಂಜೆ, ಕಾರು ನಿಲ್ಲಿಸಿ ಬಂದವನು ಬಾಗಿಲಲ್ಲೇ ನಿಂತು, “ಒಂದು ಎಪ್ಪತ್ತೆರಡು, ನೂರ ನಲವತ್ತು” ಅಂದ. ನನಗೆ ತಿಳಿಯಲಿಲ್ಲ. ಸೊಸೆ ಕಡೆ ನೋಡಿದೆ. ಅವನು ಗೋಡೆಯ ಕ್ಯಾಲೆಂಡರ್ ಕಡೆ ಗದ್ದ ಎತ್ತಿ ತೋರಿಸಿ, ಕಾಲು ತೊಳೆಯಲು ಹೋದ. ಕಾರು ಓಡಿದ ಕಿಲೋಮೀಟರು. ಪೆನ್ಸಿಲು ಹುಡುಕಿ ಆ ದಿನದ ಚೌಕದಲ್ಲಿ ಬರೆದೆ.

ಅವತ್ತಿನಿಂದ ದಿನಾ ಸಂಜೆ ಬಂದು ಹೇಳುತ್ತಾನೆ. ನಾನು ಬರೆಯುತ್ತೇನೆ. ನಮ್ಮಿಬ್ಬರ ಮಧ್ಯೆ ಮಾತು ಅಂತ ಇರುವುದು ಅದೊಂದೇ. ಒಂದು ದಿನ ನಾನು ಬಚ್ಚಲಲ್ಲಿದ್ದೆ. ತನುಜ, “ನಂಗೆ ಹೇಳ್ರೀ, ಬರಿತೀನಿ” ಅಂದಳು. ಅವನು ಹೇಳಲಿಲ್ಲ. ನಾನು ಕೈ ಒರೆಸಿಕೊಂಡು ಬರುವ ತನಕ ನಿಂತಿದ್ದ.

ನಿನ್ನೆ ಕಾರು ಮನೆ ಮುಂದೆ ಇತ್ತು, ಎಣ್ಣೆ ನೋಡಲು ಬಾನೆಟ್ಟು ಎತ್ತಿದ್ದ. ದೂರದಿಂದ ಚೀಟಿ ನೋಡಿದೆ. ಮುಟ್ಟಲಿಲ್ಲ. ಬದಲಾಯಿಸಿದ್ದು 1,68,400, ಮುಂದಿನದು 2,28,400. ಟೇಪು ಮೂರು ಸುತ್ತು. ಮೇಲುಗಡೆ 786 ಇರುತ್ತಿದ್ದ ಜಾಗ ಖಾಲಿ. ನಿನ್ನ ಕೊನೆಯ ಕಾಗದದ ಮೇಲೂ ಖಾಲಿ. ಯಾಕೆ ಅಂತ ಕೇಳುವ ಮುಖ ನನಗಿಲ್ಲ. ಮುಂದಿನ ಬೆಲ್ಟಿಗೆ ನಾನಿದ್ದರೆ, ಮೊದಲು ಹೇಗೆ ಬರೆಯುತ್ತಿದ್ದೆಯೋ ಹಾಗೇ ಬರೆದು ಕಳಿಸು. ನಮ್ಮ ವಿಭೂತಿ ಚಕ್ರಕ್ಕೆ ಇಟ್ಟರೂ ಸಲ್ಲುತ್ತದೆ.

ಇವತ್ತಿನದು ಬರೆದಾಯಿತು. ಒಂದು ಲಕ್ಷದ ಎಪ್ಪತ್ತೈದು ಸಾವಿರದ ಮುನ್ನೂರ ಹತ್ತು.

ಆಶೀರ್ವಾದಗಳು,
ವರಲಕ್ಷ್ಮಮ್ಮ